ಪಾವತಿ ಪುಸ್ತಕ: ಘಟ್ಟದ ಮೇಲಿಂದ ಕಂಡ ದಿನಕರ ದೇಸಾಯಿ

ಕಾಗದ ಮಾಡುವ ಊರಿನಲ್ಲಿ ಕಾಗದ ಉಳಿಸುವುದು ಎಷ್ಟು ಕಷ್ಟ ಎಂಬುದು ದಾಂಡೇಲಿಯವರಿಗೆ ಗೊತ್ತು. ಮಿರಗದ ಮಳೆ ಹಿಡಿಯಿತೆಂದರೆ ಗೋಡೆ ಬೆವರುತ್ತದೆ, ಟ್ರಂಕಿನ ತಳಕ್ಕೆ ತುಕ್ಕು ಬರುತ್ತದೆ, ಗಂಟು ಕಟ್ಟಿಟ್ಟ ಹಳೆ ಪಾಸ್‌ಬುಕ್ಕು, ಲೀವಿಂಗ್ ಸರ್ಟಿಫಿಕೇಟು ಎಲ್ಲ ಒಂದಕ್ಕೊಂದು ಅಂಟಿ ಹಪ್ಪಳದ ಅಟ್ಟಿಯಂತಾಗುತ್ತವೆ. ಮಿಕ್ಕಿದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ. ಹಾಗೆ ಗೆದ್ದಲಿನ ಬಾಯಿಂದ ಅರ್ಧ ಉಳಿದ ಒಂದು ಪಾವತಿ ಪುಸ್ತಕ ಹೋದ ವರ್ಷ ನನ್ನ ಕಣ್ಣಿಗೆ ಬಿತ್ತು. ಹಳೆ ದಾಂಡೇಲಿಯಲ್ಲಿ ನಮ್ಮ ಅಪ್ಪನ ಜೊತೆಗಾರರಾಗಿದ್ದ ಹಿರಿಯರೊಬ್ಬರ ಮನೆಯಲ್ಲಿ. ಅವರನ್ನು ಚಾಳಿನ ಹುಡುಗರೆಲ್ಲ ಕಾಕಾ ಎಂದೇ ಕರೆದವರು, ಇಲ್ಲೂ ಹಾಗೇ ಕರೆಯುತ್ತೇನೆ. ಊರಿನ ಒಂದು ಕಾರ್ಖಾನೆಯಲ್ಲಿ ದುಡಿದು, ಸಂಘದ ವರ್ಗಣಿ ಎತ್ತುವ ಕೆಲಸವನ್ನು ಸಂಬಳವಿಲ್ಲದೆ ಇಪ್ಪತ್ತು ಚಿಲ್ಲರೆ ವರ್ಷ ಮಾಡಿದವರು. ತಿಂಗಳಿಗೆ ಚಾರಾಣೆ. ಪಾವತಿಯ ಮೇಲೆ ಮುದ್ರಣದಲ್ಲಿ 25 ನಯಾ ಪೈಸೆ ಎಂದಿದೆ. ಕಾಕಾನ ಬಾಯಲ್ಲಿ ಇವತ್ತಿಗೂ ಅದು ಚಾರಾಣೆಯೇ.

ದಿನಕರ ದೇಸಾಯಿಯವರ ಸ್ಮರಣೆಯ ಈ ಸಂಚಿಕೆಗೆ ಘಟ್ಟದ ಮೇಲಿನ ತಾಲೂಕುಗಳ ಕಡೆಯಿಂದ ಏನಾದರೂ ಬರೆಯಿರಿ ಎಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಪುಸ್ತಕ. ವಿಚಿತ್ರವೆಂದರೆ ಅದರಲ್ಲಿ ದೇಸಾಯಿಯವರ ಹೆಸರು ಎಲ್ಲೂ ಇಲ್ಲ. ಕಾಕಾ ಅವರನ್ನು ಕಂಡವರೂ ಅಲ್ಲ. ಆದರೂ ಕರಾವಳಿಯಿಂದ ದೂರದಲ್ಲಿರುವ ನಮಗೆ, ದೇಸಾಯಿಯವರ ಬದುಕಿನಲ್ಲಿ ಹೆಚ್ಚು ಮರೆತುಹೋದ ಭಾಗಕ್ಕೆ ಇದೇ ಹತ್ತಿರದ ಬಾಗಿಲು ಎಂದು ನನಗೆ ಅನಿಸಿದೆ.

ಅಂಕೋಲೆಯ ಕಡೆ ಯಾರನ್ನು ಕೇಳಿದರೂ ದಿನಕರ ದೇಸಾಯಿ ಎಂದರೆ ಚೌಪದಿ. ನಾಲ್ಕು ಸಾಲಿನಲ್ಲಿ ಕಚಗುಳಿಯನ್ನೂ ಕಪಾಳಮೋಕ್ಷವನ್ನೂ ಒಟ್ಟಿಗೆ ಕೊಡುವ ಆ ಪದ್ಯಗಳು ಬಾಯಿಂದ ಬಾಯಿಗೆ ಹರಿದು, ಬರೆದವರಿಗೆ ಚುಟುಕ ಬ್ರಹ್ಮ ಎಂಬ ಹೆಸರನ್ನೇ ತಂದವು. ಎರಡನೆಯದಾಗಿ ಹೇಳುವುದು ಶಾಲೆಗಳು. ಮೂರನೆಯದಾಗಿ, ಕೇಳಿದವರು ಸ್ವಲ್ಪ ವಯಸ್ಸಾದವರಾದರೆ, ರೈತಕೂಟ. ಮುಂಬಯಿ ಬಂದರಿನ ನಾವಿಕರ ಸಂಘದ ಕಾರ್ಯದರ್ಶಿ ಎಂಬ ಮಾತು ಬರುವುದು ಬಯೋಡಾಟಾದ ಒಂದು ಸಾಲಾಗಿ, ಹುಟ್ಟಿದ ದಿನ ಮತ್ತು ಓದಿದ ಕಾಲೇಜಿನ ನಡುವೆ. ನಾನು ನೋಡಿದ ಅಭಿನಂದನ ಲೇಖನಗಳೆಲ್ಲ ಹೀಗೇ ಇವೆ. ನಾನೇ ಬರೆದ ಒಂದೆರಡು ಕೂಡ. ಅವರು ದುಡಿಮೆಯ ವರ್ಷಗಳಲ್ಲಿ ಹೆಚ್ಚಿನ ಪಾಲು ಕಳೆದದ್ದು ಆ ಒಂದು ಸಾಲಿನೊಳಗೆ.

1909ರ ಸೆಪ್ಟೆಂಬರ್ 10ರಂದು ಅಂಕೋಲಾ ತಾಲೂಕಿನಲ್ಲಿ ಶಾಲಾ ಮಾಸ್ತರರ ಮಗನಾಗಿ ಹುಟ್ಟಿದ ದೇಸಾಯಿ, ಮುಂಬಯಿಯಲ್ಲಿ ಕಾನೂನು ಓದಿ, 1930ರ ದಶಕದಲ್ಲಿ ಭಾರತ ಸೇವಕ ಸಮಾಜವನ್ನು ಸೇರಿದರು. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಪುಣೆಯಲ್ಲಿ ಕಟ್ಟಿದ ಈ ಸಂಸ್ಥೆಯ ಸದಸ್ಯರಾಗುವುದೆಂದರೆ ತನಗಾಗಿ ಹಣ ಗಳಿಸುವುದಿಲ್ಲವೆಂದು ಪ್ರತಿಜ್ಞೆ ಮಾಡುವುದು. ಸಂಸ್ಥೆ ಕೊಟ್ಟಷ್ಟರಲ್ಲಿ ಸಂಸಾರ. ಕಾನೂನು ಪದವಿ ಕೈಯಲ್ಲಿದ್ದವನಿಗೆ ಮುಂಬಯಿಯಂಥ ಊರಲ್ಲಿ ಇದು ಸಣ್ಣ ತ್ಯಾಗವೇನಲ್ಲ. ಅದೇ ಸಂಸ್ಥೆಯಲ್ಲಿ ಆಗ ಎನ್.ಎಂ. ಜೋಶಿ ಇದ್ದರು, 1920ರಲ್ಲಿ ಎ.ಐ.ಟಿ.ಯು.ಸಿ. ಹುಟ್ಟುವಾಗ ಮುಂಚೂಣಿಯಲ್ಲಿದ್ದವರು, ಮುಂಬಯಿಯ ಗಿರಣಿ ಕೂಲಿಗಳ ಪರವಾಗಿ ಅಂಕಿಸಂಖ್ಯೆ ಹಿಡಿದು ವಾದಿಸುವುದನ್ನು ಒಂದು ಶಿಸ್ತಾಗಿ ಬೆಳೆಸಿದವರು. ದೇಸಾಯಿಯವರ ಹೋರಾಟದಲ್ಲಿ ಕೂಗಿಗಿಂತ ಕಡತ ಹೆಚ್ಚು ಕಾಣುವುದಕ್ಕೆ ಈ ನೆರಳೇ ಕಾರಣವಿರಬೇಕು.

ನಾವಿಕರ ಕೆಲಸ ಆ ಕಾಲದಲ್ಲಿ ಹೇಗೆ ಸಿಗುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬ್ರಿಟಿಷ್ ಕಂಪನಿಗಳ ಹಡಗಿಗೆ ಆಳು ಬೇಕಾದಾಗ ಕಂಪನಿ ನೇರವಾಗಿ ಯಾರನ್ನೂ ಕರೆಯುತ್ತಿರಲಿಲ್ಲ. ನಡುವೆ ಲೈಸನ್ಸಿನ ದಲ್ಲಾಳಿ, ಅವನ ಕೆಳಗೆ ದಡದ ಮೇಲಿನ ಘಾಟ್ ಸಾರಂಗ, ಹಡಗಿನೊಳಗೆ ಸಾರಂಗ. ಡೆಕ್ಕಿನ ಕೆಲಸಕ್ಕೆ ರತ್ನಾಗಿರಿ, ಕಛ್ ಕಡೆಯವರು, ಇಂಜಿನ್ ಕೋಣೆಯ ಬೆಂಕಿಗೆ ಪಂಜಾಬಿನವರು, ಪಠಾಣರು, ಅಡುಗೆ ಮತ್ತು ಸಲೂನಿಗೆ ಗೋವಾದವರು. ಕೆಲಸಕ್ಕಿಂತ ಕೈಗಳೇ ಎಷ್ಟೋ ಪಾಲು ಹೆಚ್ಚು. ಹೀಗಾಗಿ ಒಂದು ಸಫರಿಗೆ ಹೆಸರು ಹತ್ತಬೇಕಾದರೆ ಸಾರಂಗನ ಕೈ ಬೆಚ್ಚಗಾಗಬೇಕು. ಆ ದುಡ್ಡಿಗೆ ಸಾಲ. ಸಾಲ ಕೊಡುವವನು ಬಹಳ ಸಲ ನಾವಿಕ ಇಳಿದುಕೊಂಡಿದ್ದ ಖಾನಾವಳಿಯ ಯಜಮಾನನೇ. ಸಫರು ಮುಗಿಸಿ ಬಂದವನ ಪಗಾರ ಅರ್ಧ ಬಡ್ಡಿಗೆ, ಉಳಿದದ್ದು ಮುಂದಿನ ಸಫರಿಗಾಗಿ ತಿಂಗಳುಗಟ್ಟಲೆ ಕಾಯುವ ಊಟಕ್ಕೆ. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ತೆಗೆದುಕೊಳ್ಳಕೂಡದು ಎಂದು 1920ರಲ್ಲೇ ಜಿನೋವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಒಪ್ಪಂದ ಮಾಡಿತ್ತು. 1922ರಲ್ಲಿ ಕ್ಲೋ ಸಮಿತಿ ದಲ್ಲಾಳಿಗಳನ್ನು ತೆಗೆಯಬೇಕೆಂದಿತ್ತು, 1931ರಲ್ಲಿ ವಿಟ್ಲೆ ಆಯೋಗವೂ ಇದೇ ರೋಗವನ್ನು ಗುರುತಿಸಿತ್ತು. ಮುಂಬಯಿಯ ದಕ್ಕೆಯ ಮೇಲೆ ಸಾರಂಗ ಮಾತ್ರ ಇದ್ದಲ್ಲೇ ಇದ್ದ.

ದೇಸಾಯಿಯವರು ಹೊಕ್ಕಿದ್ದು ಇದರೊಳಗೆ. ಅವರು ಇಂಗ್ಲಿಷಿನಲ್ಲಿ ಬರೆದ 'ಮಾರಿಟೈಮ್ ಲೇಬರ್ ಇನ್ ಇಂಡಿಯಾ' ಎರಡನೇ ಮಹಾಯುದ್ಧ ಶುರುವಾದ ಹೊತ್ತಿಗೆ ಹೊರಬಂತು. ಚೌಪದಿಯ ದಿನಕರನನ್ನು ಹುಡುಕಿಕೊಂಡು ಆ ಪುಸ್ತಕ ತೆರೆದವರಿಗೆ ನಿರಾಸೆಯಾದೀತು: ನೇಮಕಾತಿ, ಕೂಲಿ, ದುಡಿಮೆಯ ತಾಸು, ಹಡಗಿನಲ್ಲಿ ಮಲಗುವ ಜಾಗ, ಕಾನೂನಿನ ತೂತು. ಆದರೆ ಆಗ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಹಿಂದೂಸ್ಥಾನದ ನಾವಿಕರು ಸುಮಾರು 50,000. ಮುಂದಿನ ಆರು ವರ್ಷದ ಯುದ್ಧದಲ್ಲಿ ಅವರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸಮುದ್ರದಲ್ಲಿ ಸತ್ತರು. ಅಂಥ ಜನರ ಲೆಕ್ಕವನ್ನು ಒಬ್ಬ ಕನ್ನಡ ಕವಿ ಕುಳಿತು ಬರೆದಿಟ್ಟಿದ್ದ ಎಂಬುದು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಅಡಿಟಿಪ್ಪಣಿಯಾಗಿಯೂ ಸಿಗುವುದು ಕಡಿಮೆ.

ಜಿಲ್ಲೆಯೊಳಗಿನ ಕತೆ ಹೆಚ್ಚು ಪರಿಚಿತ, ಬೇಗ ಹೇಳಿ ಮುಗಿಸುತ್ತೇನೆ. ಉತ್ತರ ಕನ್ನಡ 1862ರಿಂದ ಮುಂಬಯಿ ಇಲಾಖೆಗೆ ಸೇರಿತ್ತು. ಗೇಣಿಯ ಕಾಟ ಕರಾವಳಿಯ ಒಕ್ಕಲುಗಳಿಗೆ ದಿನದ ಪಾಡು. ಉಳುವವನಿಗೆ ಹೊಲ ಎಂಬ ಬೇಡಿಕೆಯ ಮೇಲೆ ರೈತಕೂಟ ಕಟ್ಟಿದ ದೇಸಾಯಿಯವರನ್ನು ಸರಕಾರ 1940ರಲ್ಲಿ ಜಿಲ್ಲೆಯಿಂದ ಗಡಿಪಾರು ಮಾಡಿತು. ಐದು ವರ್ಷ ತಮ್ಮ ಊರಿಗೆ ಕಾಲಿಡುವಂತಿಲ್ಲ. ಆ ಬೇಡಿಕೆ ಕಾನೂನಿನಲ್ಲಿ ಪೂರ್ತಿಯಾಗಿ ಮೂಡಿದ್ದು 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ. ಆ ವೇಳೆಗೆ ರೈತಕೂಟದ ಮೊದಲ ಸಾಲಿನವರಲ್ಲಿ ಹಲವರು ಇರಲಿಲ್ಲ.

ಸಮಾಜವಾದಿ ಎಂಬ ಪದವನ್ನು ದೇಸಾಯಿಯವರಿಗೆ ಹಚ್ಚಬೇಕೆ ಬೇಡವೆ ಎಂದು ನಮ್ಮಲ್ಲಿ ಕೆಲವರು ವಾದ ಮಾಡುವುದನ್ನು ಕೇಳಿದ್ದೇನೆ. ಗೋಖಲೆಯ ಸಂಸ್ಥೆ ಉದಾರವಾದಿಗಳದು, ಕಾಗೋಡು ರೈತ ಸತ್ಯಾಗ್ರಹದ ಸಮಾಜವಾದಿಗಳ ದಾರಿ ಬೇರೆ, ಇತ್ಯಾದಿ. ನನಗೆ ಈ ವಾದದಲ್ಲಿ ಹೆಚ್ಚು ಆಸಕ್ತಿಯಿಲ್ಲ. ಒಂದು ವರ್ಷವನ್ನು ಮಾತ್ರ ನೋಡಿ: 1967. ಮುಂಬಯಿ ದಕ್ಷಿಣದಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಅವರನ್ನು ಬಂದರಿನ ಕಾರ್ಮಿಕರ ನಡುವೆ ಬೆಳೆಸಿದ ಪಿ. ಡಿ'ಮೆಲ್ಲೊ ಅಷ್ಟರಲ್ಲಿ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಶಿವಮೊಗ್ಗದಿಂದ ಜೆ.ಎಚ್. ಪಟೇಲ್ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಕೆನರಾ ಕ್ಷೇತ್ರದಿಂದ, ಮೂರು ಚುನಾವಣೆ ಜೋಕಿಂ ಆಳ್ವರನ್ನು ಕಳಿಸಿದ್ದ ಮತದಾರರು, ಪಕ್ಷವೇ ಇಲ್ಲದ ದಿನಕರ ದೇಸಾಯಿಯವರನ್ನು ಕಳಿಸಿದರು. ಮುಂಬಯಿ ಬಂದರಿನಲ್ಲಿ ಸಂಘಟನೆ ಕಲಿತ ಕರಾವಳಿಯ ಇಬ್ಬರು ಒಂದೇ ಲೋಕಸಭೆಯಲ್ಲಿ ಕೂತರು. ಒಬ್ಬರ ಕತೆಯನ್ನು ದೇಶ ಇಟ್ಟುಕೊಂಡಿತು. ಇನ್ನೊಬ್ಬರದನ್ನು ನಾವು ಪದ್ಯವಾಗಿ ಮಾತ್ರ ಇಟ್ಟುಕೊಂಡೆವು.

ಇಷ್ಟು ಹೇಳಿ ದಾಂಡೇಲಿಗೆ ಬರುತ್ತೇನೆ. ಕೆನರಾ ವೆಲ್‌ಫೇರ್ ಟ್ರಸ್ಟ್ ಹುಟ್ಟಿದ್ದು 1953ರಲ್ಲಿ. ಜಿಲ್ಲೆಯ ಹೆಸರು 1977ರಲ್ಲಿ ಉತ್ತರ ಕನ್ನಡವಾದ ಮೇಲೂ ಟ್ರಸ್ಟು ತನ್ನ ಹಳೆ ಹೆಸರನ್ನು ಬಿಡಲಿಲ್ಲ. ಅದು ಕಟ್ಟಿದ ಶಾಲೆಗಳ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ: ಮಿರ್ಜಾನಿನ ಜನತಾ ವಿದ್ಯಾಲಯ, ಶಿರಾಲಿಯ ಜನತಾ ವಿದ್ಯಾಲಯ, ದಾಂಡೇಲಿಯ ಜನತಾ ವಿದ್ಯಾಲಯ. ದಾನ ಕೊಟ್ಟವರ ಅಜ್ಜನ ಹೆಸರಿಲ್ಲ, ದೇವರ ಹೆಸರಿಲ್ಲ, ಕಟ್ಟಿದವನ ಹೆಸರಂತೂ ಇಲ್ಲವೇ ಇಲ್ಲ. ಅಂಕೋಲೆಯಲ್ಲಿ 1966ರಲ್ಲಿ ಕಾಲೇಜು ತೆರೆದಾಗ ಇಟ್ಟದ್ದು ಗೋಖಲೆ ಶತಾಬ್ದಿಯ ಹೆಸರು. ಗೋಖಲೆ 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ವೈಸ್‌ರಾಯರ ಸಭೆಯ ಮುಂದಿಟ್ಟರು, ಮರುವರ್ಷ ಅದು ಬಿದ್ದುಹೋಯಿತು. 1938ರಲ್ಲಿ ದೇಸಾಯಿಯವರು ಇಂಗ್ಲಿಷಿನಲ್ಲಿ ಬರೆದ ಇನ್ನೊಂದು ಪುಸ್ತಕದ ವಿಷಯ ಭಾರತದ ಪ್ರಾಥಮಿಕ ಶಿಕ್ಷಣವೇ. ಬಿದ್ದ ಮಸೂದೆಯ ತುದಿಯನ್ನು ಎತ್ತಿಕೊಂಡು ಒಬ್ಬ ಶಿಷ್ಯ ಜಿಲ್ಲೆಯ ಮಟ್ಟದಲ್ಲಿ ಎಳೆಯುತ್ತ ಬಂದ ಹಾಗೆ ನನಗೆ ಕಾಣುತ್ತದೆ. ಅವರಿಗೆ ಶಾಲೆ ಎಂಬುದು ಸಂಘದ ಕೆಲಸ ಬಿಟ್ಟು ಹಿಡಿದ ಬೇರೆ ಕೆಲಸವಾಗಿರಲಿಲ್ಲ. ಸಹಿ ಹಾಕಲು ಬಾರದ ನಾವಿಕನ ಹೆಬ್ಬೆಟ್ಟನ್ನು ಸಾರಂಗ ಯಾವ ಕಾಗದದ ಮೇಲೆ ಒತ್ತಿಸಿಕೊಳ್ಳುತ್ತಿದ್ದ ಎಂಬುದನ್ನು ದಕ್ಕೆಯ ಮೇಲೆ ನಿಂತು ಕಂಡ ಮನುಷ್ಯ, ಆ ಹೆಬ್ಬೆಟ್ಟಿಗೇ ಮದ್ದು ಹುಡುಕಿದ.

ಹಾಗಾದರೆ ಘಟ್ಟದ ಮೇಲೆ ಏಕೆ? ದಾಂಡೇಲಿಯನ್ನು ಕಟ್ಟಿದವರು ಎಂದರೆ ಎಲ್ಲರೂ ಕಾರ್ಖಾನೆಗಳನ್ನು ಹೇಳುತ್ತಾರೆ. ಅದಕ್ಕೂ ಮೊದಲು ಇಲ್ಲಿದ್ದದ್ದು ಕಾಡು, ಕಾಳಿ ನದಿ, ಕಟ್ಟಿಗೆ ಡಿಪೋ, ಮರ ಸಾಗಿಸಲು ಬ್ರಿಟಿಷರು ಅಳ್ನಾವರದಿಂದ ಎಳೆದ ರೈಲು ಹಳಿ. (ಆ ಹಳಿಯ ಮೇಲೆ ಜನ ಕೂರುವ ಗಾಡಿ ಮತ್ತೆ ಓಡಿದ್ದು 2019ರಲ್ಲಿ, ಅದೂ ಅಂಬೇವಾಡಿಯ ತನಕ.) ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದ 1955ರಲ್ಲಿ ಈ ಊರು ಮುಂಬಯಿ ರಾಜ್ಯದಲ್ಲಿತ್ತು, 1959ರಲ್ಲಿ ಕಾಗದ ಹೊರಬರುವಾಗ ಮೈಸೂರು ರಾಜ್ಯದಲ್ಲಿತ್ತು. ಫೆರೋ ಕಾರ್ಖಾನೆ, ಪ್ಲೈವುಡ್ ಕಾರ್ಖಾನೆ ಎಂದು ಮತ್ತೆರಡು ಹೊಗೆಗೊಳವೆ ಇದ್ದವು, ಈಗ ಇಲ್ಲ. ಕೂಲಿ ಹುಡುಕಿಕೊಂಡು ಧಾರವಾಡದ ಕಡೆಯ ಬಯಲುಸೀಮೆಯವರು ಬಂದರು, ಬೆಳಗಾವಿ ಸೀಮೆಯ ಮರಾಠರು ಬಂದರು, ತೆಲುಗರು, ತಮಿಳರು, ಮಲಯಾಳಿಗಳು, ಉತ್ತರದ ಹಿಂದಿಯವರು ಬಂದರು. ನಮ್ಮ ಚಾಳಿನ ಒಂದೇ ನಳದ ಮುಂದೆ ಕೊಡ ಇಟ್ಟುಕೊಂಡು ಜಗಳವಾಡುವ ಭಾಷೆ ಎಷ್ಟಿದ್ದವೆಂದರೆ, ಬೈಗುಳದಲ್ಲಿ ನಾವು ಏಳೆಂಟು ಭಾಷೆಯ ಪಂಡಿತರಾಗಿಯೇ ಶಾಲೆಗೆ ಹೋದೆವು. ಭೋಂಗಾ ಊದಿದರೆ ಅಪ್ಪ ಎದ್ದ, ಇನ್ನೊಮ್ಮೆ ಊದಿದರೆ ಬಂದ. ನೈಟ್ ಶಿಫ್ಟಿನ ವಾರ ಮನೆಯಲ್ಲಿ ಹಗಲು ಮಾತಾಡುವಂತಿರಲಿಲ್ಲ, ಅವ್ವ ಒಗ್ಗರಣೆಯನ್ನೂ ಮೆಲ್ಲಗೆ ಹಾಕುತ್ತಿದ್ದಳು.

ನಾನು ಓದಿದ್ದು ಜನತಾ ವಿದ್ಯಾಲಯದಲ್ಲಿ. ಮುಂದೆ ಹಳಿಯಾಳ ತಾಲೂಕಿನ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದೆ. ಹೀಗಾಗಿ ಜನರಲ್ ರಜಿಸ್ಟರ್ ಎಂಬ ಪುಸ್ತಕದ ಜೊತೆ ನನಗೆ ಮೂವತ್ತು ವರ್ಷದ ಸಂಬಂಧ. ಉದ್ದನೆಯ ದಪ್ಪ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ಎರಡು ಕೈಯಲ್ಲಿ ಹಿಡಿದು ತೆರೆಯಬೇಕು. ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ ಅಕ್ಷರದಲ್ಲಿ ಮತ್ತು ಅಂಕಿಯಲ್ಲಿ, ಹಿಂದಿನ ಶಾಲೆ, ಬಿಟ್ಟ ದಿನ, ಬಿಟ್ಟ ಕಾರಣ. ಜನರು ಇದನ್ನು ಹುಡುಕಿಕೊಂಡು ಬರುವುದು ಜಾತಿ ಪ್ರಮಾಣಪತ್ರಕ್ಕೆ, ಪೆನ್ಶನ್ನಿನ ವಯಸ್ಸಿಗೆ. ನಾನು ಓದುವುದು ಕೊನೆಯ ಅಂಕಣವನ್ನು. 'ಬಿಟ್ಟ ಕಾರಣ' ಎಂಬಲ್ಲಿ ಮಾಸ್ತರರು ಬರೆದದ್ದು ಸಾಮಾನ್ಯವಾಗಿ ನಾಲ್ಕೇ ಮಾತು: ಪಾಸಾಗಿ, ಊರು ಬಿಟ್ಟು, ಸತತ ಗೈರು, ಮನೆಗೆಲಸ. ಒಂದೇ ತಿಂಗಳಲ್ಲಿ ಹತ್ತು ಹೆಸರಿನ ಮುಂದೆ 'ಊರು ಬಿಟ್ಟು' ಎಂದಿದ್ದರೆ ಊರಲ್ಲಿ ಏನೋ ನಡೆದಿದೆ ಎಂದೇ ಅರ್ಥ. ಕೆಲಸ ನಿಂತಿದೆ, ಇಲ್ಲವೆ ಗುತ್ತಿಗೆ ಮುಗಿದಿದೆ, ಇಲ್ಲವೆ ಹಿನ್ನೀರು ಏರಿದೆ. ಮುಷ್ಕರದ ಇತಿಹಾಸ ಬರೆಯುವವರು ಶಾಲೆಯ ರಜಿಸ್ಟರ್ ತೆರೆದು ನೋಡಿದ್ದನ್ನು ನಾನು ಕಂಡಿಲ್ಲ. ನೋಡಬೇಕು.

ಹಿನ್ನೀರು ಎಂದೆ. ಜೋಯಿಡಾ ತಾಲೂಕಿಗೆ ಮೊದಲು ಸೂಪಾ ತಾಲೂಕು ಎಂದೇ ಹೆಸರು. ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು ಸೂಪಾ ಪೇಟೆಯೇ ಮುಳುಗಿತು. ಕಚೇರಿ ಜೋಯಿಡಾಕ್ಕೆ ಬಂತು, ಜನ ರಾಮನಗರದ ಪುನರ್ವಸತಿಗೆ ಹೋದರು. ಒಂದು ಊರು ಮುಳುಗುವಾಗ ಜನ ಹೊತ್ತುಕೊಂಡು ಹೋಗುವುದು ದೇವರು, ದನ, ಪಾತ್ರೆ, ಹೆಂಚು. ಹಳೆ ಪಾವತಿಗಳನ್ನು ಯಾರು ಹೊರುತ್ತಾರೆ? ಈ ತಾಲೂಕಿನ ಕುಣಬಿಗಳು, ಹಳಿಯಾಳ ಮುಂಡಗೋಡ ಕಡೆಯ ಸಿದ್ದಿಗಳು, ಗೌಳಿಗಳು ಬಿದಿರು ಕಡಿದರು, ದಿಮ್ಮಿ ಎಳೆದರು, ರಸ್ತೆ ಹಾಕಿದರು. ಕೆಲಸ ಸಿಗುತ್ತಿದ್ದದ್ದು ಮುಕಾದಮನ ಮೂಲಕ. ಮುಂಗಡ ಅವನ ಕೈಯಿಂದ, ಲೆಕ್ಕ ಅವನ ಬಾಯಿಂದ. ದೇಸಾಯಿಯವರ ನಾವಿಕರ ಪುಸ್ತಕದಲ್ಲಿ ಸಾರಂಗನ ಭಾಗ ಓದುವಾಗ ನನಗೆ ಬಂದರು ಕಾಣಲಿಲ್ಲ, ಜೋಯಿಡಾದ ಕಾಡಿನಲ್ಲಿ ಟೋಳಿ ಕಟ್ಟಿಕೊಂಡು ನಿಂತ ಮುಕಾದಮ ಕಂಡ. ಅದೇ ಬಿದಿರು ಕಾಗದದ ಉದ್ಯಮಕ್ಕೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಿಗುತ್ತಿತ್ತು, ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದಕ್ಕೆ ನೂರಾರು ಪಟ್ಟು ಕೊಡಬೇಕಿತ್ತು ಎಂದು ಮಾಧವ ಗಾಡ್ಗೀಳರು ಬರೆದಿದ್ದಾರೆ. ಆ ಒಂದೂವರೆ ರೂಪಾಯಿಯ ಟನ್ನನ್ನು ಕಡಿದು ಹೊತ್ತವನ ಕೂಲಿ ಎಷ್ಟೆಂದು ಬರೆದಿಟ್ಟ ಹಾಳೆ ಯಾರ ಟ್ರಂಕಿನಲ್ಲೂ ನನಗೆ ಸಿಕ್ಕಿಲ್ಲ.

ಮುಂಡಗೋಡದಲ್ಲಿ ಇದಕ್ಕೆ ಎದುರಾದ ಒಂದು ನೋಟವಿದೆ. 1966ರಲ್ಲಿ ಅಲ್ಲಿಗೆ ಬಂದು ನೆಲೆಸಿದ ಟಿಬೆಟಿಯನ್ನರು ದೇಶ ಕಳೆದುಕೊಂಡವರು. ಆದರೂ ಅವರ ಮಠಗಳಲ್ಲಿ ಗ್ರಂಥಗಳು ಬಟ್ಟೆ ಸುತ್ತಿಕೊಂಡು ಎತ್ತರದ ಗೂಡುಗಳಲ್ಲಿ ಸಾಲಾಗಿ ಕೂತಿವೆ. ನಾಲ್ಕು ಮೈಲಿ ಆಚೆಗೆ, ತಲೆಮಾರುಗಳಿಂದ ಇಲ್ಲೇ ಇದ್ದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡವೆಂದು ಎಣಿಸಲ್ಪಡುವ ತನಕ ತಾವು ಯಾರು ಎಂಬುದಕ್ಕೆ ಕಾಗದ ತೋರಿಸುತ್ತ ಅಲೆದರು. ಕುಣಬಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ನನಗೆ ಗೊತ್ತು. ಒಂದು ಪರಂಪರೆ ಬರವಣಿಗೆಯದು, ಇನ್ನೊಂದು ಹಾಡಿನದು, ಕುಣಿತದ್ದು. ಆದರೆ ಮಾಸ್ತರನಾಗಿ ಎರಡೂ ಊರುಗಳನ್ನು ಒಂದೇ ದಿನ ಸೈಕಲ್ಲಿನಲ್ಲಿ ಕಂಡವನಿಗೆ ಹಾಗೆ ಅನಿಸದೆ ಇರಲಿಲ್ಲ.

ಕಾರ್ಮಿಕ ಕಾರ್ಯಕರ್ತನೊಬ್ಬನ ಬದುಕನ್ನು ಕಾಪಿಡುವುದು ಹೇಗೆ ಎಂಬುದಕ್ಕೆ ಜಗತ್ತಿನಲ್ಲಿ ಮಾದರಿಗಳಿಗೆ ಬರವಿಲ್ಲ. ಆಮ್‌ಸ್ಟರ್‌ಡಾಮಿನಲ್ಲಿ 1935ರಿಂದ ಇದಕ್ಕೆಂದೇ ಒಂದು ಸಂಸ್ಥೆ ಇದೆ, ನೋಯ್ಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ 1998ರಿಂದ ಭಾರತದ ಕಾರ್ಮಿಕರ ದಾಖಲೆಗಳನ್ನು ಗಣಕದಲ್ಲಿ ಸೇರಿಸುತ್ತಿದ್ದಾರೆ. ಆದರೆ ನೋಯ್ಡಾಕ್ಕೆ ಹೋಗುವ ಮೊದಲು ಹಳೆ ದಾಂಡೇಲಿಯ ಟ್ರಂಕು ತೆರೆಯಬೇಕಲ್ಲ. ಕಾರ್ಯಕರ್ತನ ಮನೆಯಲ್ಲಿ ಉಳಿಯುವ ಕಾಗದ ಬೇರೆ ಜಾತಿಯದು. ಆತ್ಮಕತೆ ಇರುವುದಿಲ್ಲ, ಪತ್ರವ್ಯವಹಾರ ಇರುವುದಿಲ್ಲ. ಠರಾವು ಪುಸ್ತಕ, ವರ್ಗಣಿಯ ಪಾವತಿ, ಕೋರ್ಟಿನ ಸಮನ್ಸು, ಪ್ರಾವಿಡೆಂಟ್ ಫಂಡಿನ ಚೀಟಿ, ಗುಂಪಿನ ಫೋಟೋ. ಫೋಟೋದಲ್ಲಿ ಅವನು ಹಿಂದಿನ ಸಾಲಿನಲ್ಲಿರುತ್ತಾನೆ, ಅರ್ಧ ಮುಖ ಇನ್ನೊಬ್ಬನ ಭುಜದ ಹಿಂದೆ.

ಕಾಕಾನ ಜೊತೆ ನಾನು ಐದು ಸಂಜೆ ಕೂತೆ. ಮೊದಲ ಸಂಜೆ ಮೊಬೈಲು ಮುಂದಿಟ್ಟು, ಕಾಕಾ, ನಿಮ್ಮ ಹೋರಾಟದ ಬಗ್ಗೆ ಹೇಳ್ರಿ ಎಂದೆ. ಅವರು ಭಾಷಣ ಮಾಡಿದರು. ಬಂಡವಾಳ, ಶೋಷಣೆ, ಐಕ್ಯತೆ. ಎಲ್ಲ ಸರಿ, ಒಂದೂ ಅವರದಲ್ಲ. ಎರಡನೇ ಸಂಜೆಯೂ ಹಾಗೇ. ಮೂರನೇ ದಿನ ಏನೂ ಕೇಳದೆ ಪಾವತಿ ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡರು. ಹರಿದುಕೊಟ್ಟ ಪಾವತಿಯ ಉಳಿದರ್ಧಗಳ ಮೇಲೆ ಬೆರಳಾಡಿಸುತ್ತ ಒಂದೊಂದು ಹೆಸರಿಗೆ ನಿಂತರು.

"ಇವ ಕೇರಳದಾಂವ. ಪಾವಣೆ ರೂಪಾಯಿ ಒಮ್ಮೆಗೇ ಕೊಟ್ಟಾನ ನೋಡು, ಮೂರು ತಿಂಗಳದ್ದು. ಹೆಂಡ್ತಿ ಹಡಿಯಾಕ ಹೋಗಿದ್ಲು, ಊರಿಗೆ ಹೋಗಿ ಬಂದ ಮ್ಯಾಲೆ ಬಾಕಿ ತೀರಿಸಿದ. ಇವ ಕೊಡಲೇ ಇಲ್ಲ. ಆದ್ರ ಪಾವತಿ ಹರದೀನಿ."

"ಕೊಡದಿದ್ದರ ಯಾಕ ಹರದ್ರಿ ಕಾಕಾ?"

"ಅಂವಗ ಕೈಯಾಗ ಒಂದು ಚೀಟಿ ಇರಲಿ ಅಂತ. ಚೀಟಿ ಇದ್ದಾಂವ ನಮ್ಮಾಂವ."

"ಆ ಚಾರಾಣೆ?"

"ನಾನ ಹಾಕೀನಿ. ಏನೀಗ?"

ಇಪ್ಪತ್ತು ವರ್ಷದ ಸಂಘಟನೆಯ ಬಗ್ಗೆ ಅವರು ಮಾಡಿದ ಭಾಷಣಕ್ಕಿಂತ ಈ ನಾಲ್ಕು ಮಾತಿನಲ್ಲಿ ಹೆಚ್ಚಿತ್ತು. ಆ ಸಂಜೆ ಹದಿನೇಳು ಹೆಸರು ದಾಟಿದೆವು. ಯಾರ ಬೆರಳು ಯಂತ್ರಕ್ಕೆ ಹೋಯಿತು, ಯಾರು ಮೇಸ್ತ್ರಿಯಾದ ಮೇಲೆ ವರ್ಗಣಿ ನಿಲ್ಲಿಸಿದ, ಯಾರ ಮಗಳು ನರ್ಸಾದಳು. ಹದಿನೆಂಟನೆಯದು ನನ್ನ ಅಪ್ಪನದು. ತಿಂಗಳು ಜೂನ್. ವರ್ಗಣಿಯ ಅಂಕಣದಲ್ಲಿ ಸೊನ್ನೆ ಹಾಕಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಫೀ' ಎಂದು ಬರೆದಿತ್ತು. ನಾನು ಕಾಕಾನ ಮುಖ ನೋಡಿದೆ.

"ನಿನ್ನ ಸಾಲಿ ಸುರುವಾತಲ್ಲೊ ತಮ್ಮಾ. ಪಾಟಿ ಪುಸ್ತಕ, ಅಂಗಿ ಚೊಣ್ಣ. ಜೂನಾಗ ಯಾರ ಮನಿಗೂ ವರ್ಗಣಿ ಕೇಳಾಕ ಹೋಗತಿರಲಿಲ್ಲ ನಾ."

ದಿನಕರ ದೇಸಾಯಿ ಎಂಬ ಹೆಸರು ಅವರಿಗೆ ಗೊತ್ತೇ ಎಂದು ಆಗ ಕೇಳಿದೆ. ಗೊತ್ತು, ಆದರೆ ಬೇರೆ ಕಡೆಯಿಂದ. "ಸಾಲಿ ಕಟ್ಟಿಸಿದವರು. ಮತ್ತ ಹಾಡು ಬರಿತಿದ್ರಂತ. ಓಟು ಹಾಕೀವಿ ಒಮ್ಮೆ." ಅವರೂ ನಿಮ್ಮ ಹಾಗೆ ವರ್ಗಣಿ ಎತ್ತಿದವರು ಕಾಕಾ, ಮುಂಬಯಿಯಲ್ಲಿ, ಹಡಗದ ಮಂದಿಯದ್ದು ಎಂದೆ. ಕಾಕಾ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ ಕೇಳಿದ್ದು ಒಂದೇ ಪ್ರಶ್ನೆ: ಹಡಗ ಹತ್ತಿ ಹೋದಾಂವ ವರ್ಷಗಟ್ಟಲೆ ಬರೂದಿಲ್ಲ, ಅವನ ಬಾಕಿ ಹೆಂಗ ವಸೂಲಿ ಮಾಡತಿದ್ರು? ಮುಂಬಯಿಯ ನಾವಿಕರ ಸಂಘದ ಬಗ್ಗೆ ನಾನು ಕೇಳಿದ ಪ್ರಶ್ನೆಗಳಲ್ಲೆಲ್ಲ ಒಳ್ಳೆಯದು ಅದು. ಸಂಘ ನಡೆಸಿದವನು ಮಾತ್ರ ಕೇಳಬಲ್ಲ ಪ್ರಶ್ನೆ.

ದೇಸಾಯಿಯವರು 1982ರ ನವೆಂಬರ್ 6ರಂದು ತೀರಿಕೊಂಡರು. ಅವರ ಚೌಪದಿಗಳು ಅಚ್ಚಾಗಿವೆ, ಮಕ್ಕಳ ಪದ್ಯಗಳು ಪಠ್ಯದಲ್ಲಿ ಬಂದಿವೆ, ನಡೆಸಿದ 'ಜನಸೇವಕ' ವಾರಪತ್ರಿಕೆಯನ್ನು ಅಂಕೋಲೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ನಾನು ಈ ಸಂಚಿಕೆಯ ಸಮಿತಿಗೆ ಕೇಳುವುದು ಇಷ್ಟು: ಮುಂದಿನ ಸಲ ಕವಿಗೋಷ್ಠಿಯ ಜೊತೆಗೆ ಒಂದು ದಿನ ಟ್ರಂಕು ತೆರೆಯುವ ದಿನವನ್ನೂ ಇಡಿ. ದಾಂಡೇಲಿಯಲ್ಲಿ ಇಡಿ, ಕರಾವಳಿಯಲ್ಲಿ ಬೇಡ. ನಿವೃತ್ತರು ಬರಲಿ, ವಿಧವೆಯರು ಬರಲಿ. ಅವರ ಚೀಟಿಗಳ ಫೋಟೋ ತೆಗೆದು ಮೂಲವನ್ನು ಅಲ್ಲೇ ಅವರ ಕೈಗೆ ಕೊಡಿ. ಮನೆಯಿಂದ ಒಯ್ದ ಕಾಗದ ಮನೆಗೆ ಬರುವುದಿಲ್ಲ ಎಂಬುದು ಇಲ್ಲಿಯವರ ಅನುಭವ. ಪ್ರತಿ ಫೋಟೋದ ಹಿಂದೆ ಹೆಸರು ಬರೆಸಿ, ಹಿಂದಿನ ಸಾಲಿನಿಂದ ಶುರುಮಾಡಿ. ಶಾಲೆಗಳ ಹಳೆಯ ಜನರಲ್ ರಜಿಸ್ಟರುಗಳನ್ನು ಮಳೆಗಾಲಕ್ಕೆ ಮುಂಚೆ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿಡಿ, ಆಮೇಲೆ ಸ್ಕ್ಯಾನು ಗೀನು.

ಕಾಕಾನ ಪುಸ್ತಕ ಮಾತ್ರ ಹಾಳೆ ಹಾಳೆಯಾಗಿ ಬಿಡುತ್ತಿತ್ತು. ಧಾರವಾಡಕ್ಕೆ ಒಯ್ದು ಸರಿ ಮಾಡಿಸಿ ತರುತ್ತೇನೆ ಎಂದು ಐದನೇ ಸಂಜೆ ಕೇಳಿದೆ. ಕೊಡಲು ಮನಸ್ಸಿಲ್ಲ, ಕೊಡುವುದಿಲ್ಲ ಎನ್ನಲೂ ಮನಸ್ಸಿಲ್ಲ. ಕೊನೆಗೆ ಪುಸ್ತಕದ ಹಿಂಬದಿಯಿಂದ ಹಾಳೆ ತಿರುವಿದರು. ಗೆದ್ದಲು ಮುಟ್ಟದ ಖಾಲಿ ಪಾವತಿ ಎರಡು ಉಳಿದಿದ್ದವು.

"ಪಾವತಿ ಬರಿ" ಎಂದರು.

ನಾನು ಪೆನ್ನು ತೆಗೆದೆ. ಯಾರಿಂದ ಎಂಬಲ್ಲಿ ಅವರ ಹೆಸರು ಬರೆದೆ. ಬಾಬು ಎಂಬಲ್ಲಿ 'ಪಾವತಿ ಪುಸ್ತಕ 1' ಎಂದು ಬರೆದೆ. ರೂಪಾಯಿಯ ಅಂಕಣದಲ್ಲಿ ಏನು ಬರೆಯಲಿ ಎಂದು ಅವರ ಮುಖ ನೋಡಿದೆ. ಅಲ್ಲಿ ಗೆರೆ ಹೊಡಿ ಎಂದರು, ಇಲ್ಲದಿದ್ದರೆ ಆಮೇಲೆ ಯಾರಾದರೂ ಅಂಕಿ ತುಂಬುತ್ತಾರೆ. ಹೊಡೆದೆ. ಸಹಿ ಹಾಕಿ ಕೊಟ್ಟೆ. ಕಾಕಾ ಬೆರಳಿಗೆ ಉಗುಳು ಹಚ್ಚಿಕೊಂಡು, ತೂತಿನ ಗೆರೆಯ ಗುಂಟ ನಿಧಾನವಾಗಿ ಹರಿದು, ತಮ್ಮ ಅರ್ಧವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಆಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.